ಕಂಬದ ಯಾರ್ಡಿನ ಬಾವಿ

ಕಳೆದ ತಿಂಗಳು, ಮಳೆ ಹಿಡಿದ ಮೊದಲ ವಾರದಲ್ಲಿ, ಕಂಕನಾಡಿಯ ಜಂಕ್ಷನ್ ಸ್ಟೇಶನ್ನಿನಲ್ಲಿ ರೈಲಿನಿಂದ ಇಳಿದೆ. ಹೊರಗೆ ಆಟೋಗೆ ಕಾಯುವವರ ಸಾಲು ಉದ್ದವಿತ್ತು. ಮಳೆಯ ಎರಚಲಿಗೆ ತಗಡಿನ ಮಾಡಿನ ಕೆಳಗೆ ಸರಿದು ನಿಂತಾಗ ಪಕ್ಕದಲ್ಲಿ ಹಳೆಯ ಮರದ ಸ್ಲೀಪರುಗಳ ರಾಶಿ ಕಂಡಿತು. ಎಂದೋ ಹಳಿಯ ಅಡಿಯಿಂದ ಕಿತ್ತು ತಂದು ಹಾಕಿದವು. ನೆನೆದ ಆ ಮರದಿಂದ ಡಾಮರಿನಂಥ, ಅರ್ಧ ಸುಟ್ಟ ಕಟ್ಟಿಗೆಯಂಥ, ಗಂಟಲಿನ ಹಿಂಭಾಗಕ್ಕೆ ಹೋಗಿ ಕೂರುವ ವಾಸನೆ ಏಳುತ್ತಿತ್ತು. ಬಾಟಲಿಯ ಮುಚ್ಚಳ ತೆರೆದು ಬಾಯಿಯ ಹತ್ತಿರ ತಂದಿದ್ದವಳು ಹಾಗೆಯೇ ಮುಚ್ಚಿದೆ. ಅದು ಅಂಗಡಿಯಲ್ಲಿ ಕೊಂಡ ನೀರು, ಅದಕ್ಕೂ ಈ ವಾಸನೆಗೂ ಸಂಬಂಧವಿಲ್ಲವೆಂದು ಗೊತ್ತಿತ್ತು. ಆದರೂ ಕುಡಿಯಲಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಇದೇ ಪೇಟೆಯ ಕೊಟ್ಟಾರದಲ್ಲಿದ್ದದ್ದು ಒಂದೇ ವರ್ಷ. ಆಗ ನಾನು ಬೈಕಂಪಾಡಿಯ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. ನನ್ನ ಗಂಡ ರಾಘವನಿಗೆ ಕಂಕನಾಡಿ ಕಡೆ ಆಫೀಸು. ಇಬ್ಬರಿಗೂ ಬಸ್ಸಿನ ಅನುಕೂಲ ನೋಡಿ ನಡುವೆ ಮನೆ ಹುಡುಕಿದಾಗ ಸಿಕ್ಕಿದ್ದು ಹಮೀದಾಕನ ಮನೆಯ ಮಹಡಿ. ಹೆದ್ದಾರಿಯಿಂದ ಒಳಗೆ ತಿರುಗಿ, ಇಳಿಜಾರಿನಲ್ಲಿ ಕೆಳಗೆ ಹರಿಯುವ ತೋಡಿನವರೆಗೂ ಹೋಗುವ ಓಣಿ ಅದು. ಓಣಿಯ ಮೇಲಿನ ತುದಿಯಲ್ಲಿ, ಎತ್ತರದಲ್ಲಿ ಅವರ ಮನೆ. ಹಮೀದಾಕ ಬಹಳ ಕಾಲ ಕಡಲಾಚೆ ದಮಾಮಿನಲ್ಲಿ ಅಂಗಡಿ ನಡೆಸಿ, ಹಿಂದಿರುಗಿ ಬಂದು, ತಂದೆಯ ಜಾಗದಲ್ಲಿ ಉಳಿದಿದ್ದ ತುಂಡಿನಲ್ಲಿ ಮನೆ ಕಟ್ಟಿಸಿದ್ದರು. ಮನೆಗಿಂತ ಮೊದಲು ಬಾವಿ ತೋಡಿಸಿದ್ದರು.

ಮನೆ ನೋಡಲು ಹೋದ ದಿನ ಅವರು ನಮಗೆ ಕೋಣೆಗಳನ್ನು ತೋರಿಸುವ ಮೊದಲು ತೋರಿಸಿದ್ದು ಆ ಬಾವಿಯನ್ನು. ಕೆಂಪು ಕಲ್ಲಿನಲ್ಲಿ ನುಣ್ಣಗೆ ಇಳಿದ ಬಾವಿ. ತಳದಲ್ಲಿ ಸಣ್ಣ ಮೀನುಗಳು ಓಡಾಡುವುದು ಮೇಲಿನಿಂದಲೇ ಕಾಣುತ್ತಿತ್ತು. ಎಷ್ಟೇ ಬೇಸಿಗೆಯಾದರೂ ಆರಿದ್ದಿಲ್ಲ ಎಂದರು. ಕಂಪೌಂಡಿನ ಹೊರಗೋಡೆಗೆ ಅವರು ಒಂದು ನಲ್ಲಿ ಇಡಿಸಿದ್ದರು. ಯಾರು ಬೇಕಾದರೂ ಹಿಡಿದುಕೊಂಡು ಹೋಗಬಹುದು. ತಂದೆಯ ಹೆಸರಿನಲ್ಲಿ ಮಾಡಿದ ದಾನ ಅದು. ನೀರು ಕೊಟ್ಟ ಪುಣ್ಯ ಸತ್ತವರಿಗೆ ಹೋಗಿ ಮುಟ್ಟುತ್ತದೆ ಎಂದು ಅವರ ಹೆಂಡತಿ ಮೈಮುನಕ್ಕ ಬಾಗಿಲಲ್ಲಿ ನಿಂತು ನನಗೆ ವಿವರಿಸಿದರು.

ನನ್ನ ಅಪ್ಪ ಊರಿನ ದೇವಸ್ಥಾನದಲ್ಲಿ ಅರ್ಚಕರು. ಪೇಟೆಗೆ ಬಂದರೆ ನೀರು ಮುಟ್ಟಲು ಹಿಂದೆಮುಂದೆ ನೋಡುವವರು. ಅವರು ಎರಡು ದಿನಕ್ಕೆಂದು ಬಂದಾಗ ಹಮೀದಾಕ ತಾವಾಗಿ ಹಗ್ಗ, ಕೊಡಪಾನ ತಂದಿಟ್ಟು, ಭಟ್ರೇ ನೀವೇ ಎಳ್ಕೊಳ್ಳಿ ಎಂದು ದೂರ ನಿಂತರು. ಅಪ್ಪ ಸೇದಿದರು, ಕುಡಿದರು, ಇನ್ನೊಂದು ಚೊಂಬು ಕುಡಿದರು. ಹೋಗುವಾಗ ಒಂದು ಕ್ಯಾನು ತುಂಬಿಸಿಕೊಂಡು ಹೋದರು. ಇಂಥ ನೀರು ನಮ್ಮ ಊರಿನಲ್ಲೂ ಇಲ್ಲ ಎಂದಿದ್ದರು. ನಾವೂ ಹಾಗೆಯೇ ನಂಬಿದ್ದೆವು.

ಆ ವರ್ಷದ ಬೇಸಿಗೆ ಕಠಿಣವಾಗಿತ್ತು. ಕಾರ್ಪೊರೇಶನ್ ನೀರು ದಿನ ಬಿಟ್ಟು ದಿನವಾಯಿತು, ಆಮೇಲೆ ಅದೂ ತಪ್ಪಿತು. ಬೆಳಗಾದರೆ ಹೊರಗೋಡೆಯ ನಲ್ಲಿಯ ಮುಂದೆ ಕೊಡ, ಬಕೆಟು, ಪೇಂಟಿನ ಹಳೆಯ ಡಬ್ಬಗಳ ಸಾಲು. ಕೆಳಗಿನ ಬಾಡಿಗೆ ಮನೆಗಳವರು, ಇಸ್ತ್ರಿ ಅಂಗಡಿಯವರು, ಹೆದ್ದಾರಿಯ ಕೆಲಸಕ್ಕೆ ಬಂದ ಬಯಲುಸೀಮೆಯ ಹೆಂಗಸರು. ಹಮೀದಾಕ ಬಿಳಿ ಬನಿಯನ್ ಹಾಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೇಟಿನ ಒಳಗೆ ಕೂತು, ಸಾಲಿನಲ್ಲಿ ಜಗಳವಾಗದ ಹಾಗೆ ನೋಡಿಕೊಳ್ಳುತ್ತಿದ್ದರು. ಅಷ್ಟು ತೃಪ್ತಿಯ ಮುಖವನ್ನು ನಾನು ನೋಡಿದ್ದು ಕಡಿಮೆ. ಆಗಲೇ ಅವರ ಮಗಳು ನಸೀಮಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಸಂಜೆ ನಾನು ಕೆಲಸದಿಂದ ಬರುವ ಹೊತ್ತಿಗೆ ಅವಳು ಬಾವಿಕಟ್ಟೆಯ ನೆರಳಿನಲ್ಲಿ ಕೂತು ಲೋಟಗಟ್ಟಲೆ ನೀರು ಕುಡಿಯುತ್ತಿದ್ದಳು. ಗಂಡನ ಮನೆಯ ನಲ್ಲಿ ನೀರಿನ ಬ್ಲೀಚಿಂಗ್ ವಾಸನೆ ಅವಳಿಗೆ ಆಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಪಕ್ಕದ ಖಾಲಿ ಜಾಗಕ್ಕೆ ಜೆಸಿಬಿ ಬಂತು. ಅಲ್ಲಿ ಅಪಾರ್ಟ್‌ಮೆಂಟು ಏಳುವುದಿತ್ತು. ಅಡಿಯಲ್ಲಿ ವಾಹನ ನಿಲ್ಲಿಸಲು ಆಳವಾಗಿ ಅಗೆಯಬೇಕಿತ್ತು. ಮೊದಲ ಕೆಲವು ದಿನ ಕೆಂಪು ಮಣ್ಣು ಬಂತು. ಆಮೇಲೆ ಒಂದು ಬೆಳಿಗ್ಗೆ ನಾನು ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಯಂತ್ರದ ಹಲ್ಲಿಗೆ ಕಪ್ಪು ಸಿಕ್ಕಿತು. ಮಣ್ಣೇ, ಆದರೆ ಹೊಳೆಯುವ ಕಪ್ಪು, ಬೆಲ್ಲದ ಮುದ್ದೆಯ ಹಾಗೆ ಅಂಟು. ಸ್ವಲ್ಪ ಹೊತ್ತಿನಲ್ಲಿ ವಾಸನೆ ಮೇಲೆ ಬಂತು. ಗುಂಡಿಯಲ್ಲಿದ್ದ ಕೆಲಸಗಾರರು ಒಬ್ಬೊಬ್ಬರಾಗಿ ಕಣ್ಣುಜ್ಜಿಕೊಂಡು ಹತ್ತಿ ಬಂದರು. ಕಾರ್ಖಾನೆಯಲ್ಲಿ ದಿನವಿಡೀ ದ್ರಾವಕಗಳ ನಡುವೆ ಇರುವ ನನಗೂ ತಲೆ ಸುತ್ತಿದಂತಾಯಿತು.

ಕೆಳಗೆ ನೋಡಿದರೆ ಹಮೀದಾಕ ಕಂಪೌಂಡ್ ಗೋಡೆಯ ಪಕ್ಕ ನಿಂತಿದ್ದರು. ಎಲ್ಲರೂ ಮೂಗು ಮುಚ್ಚಿಕೊಂಡಿದ್ದರೆ ಅವರು ಮುಖ ಎತ್ತಿ, ಕಣ್ಣು ಮುಚ್ಚಿ, ಆ ಗಾಳಿಯನ್ನು ಎಳೆದುಕೊಳ್ಳುತ್ತಿದ್ದರು. ಆಮೇಲೆ ಎರಡೂ ಕೈ ಗೋಡೆಗೆ ಊರಿದರು. ನನಗೆ ಅವರು ಬೀಳುತ್ತಾರೆ ಅನಿಸಿತು. ನಾನು ಇಳಿದು ಹೋಗುವಷ್ಟರಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಆ ದಿನ ಅವರು ಊಟಕ್ಕೆ ಏಳಲಿಲ್ಲವೆಂದು ಮೈಮುನಕ್ಕ ಹೇಳಿದರು.

ಗುಂಡಿ ದೊಡ್ಡದಾಗುತ್ತ ಹೋಯಿತು. ಕಪ್ಪು ಮಣ್ಣನ್ನು ಲಾರಿಯಲ್ಲಿ ಎಲ್ಲಿಗೋ ಸಾಗಿಸಿದರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗುಂಡಿಯಲ್ಲಿ ಒಸರುವ ನೀರನ್ನು ಪಂಪಿನಿಂದ ಎತ್ತಿ ಓಣಿಯ ಚರಂಡಿಗೆ ಬಿಡುತ್ತಿದ್ದರು. ಚರಂಡಿಯ ಅಂಚಿನ ಹುಲ್ಲು ಕೆಲವೇ ದಿನಗಳಲ್ಲಿ ಹಳದಿಯಾಗಿ ಮಲಗಿತು. ಅಷ್ಟರಲ್ಲಿ ಮಳೆ ಬಂತು.

ಮಳೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಮೈಮುನಕ್ಕ ನನ್ನನ್ನು ಕೂಗಿದರು. ಬಾವಿಯ ನೀರು ಮೇಲೆ ಬಂದಿತ್ತು. ಅದರ ಮೇಲೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಲೇರಿಯದ ಸೊಳ್ಳೆಯ ಮರಿ ತಿನ್ನಲೆಂದು ಹಿಂದೆ ಯಾರೋ ತಂದು ಬಿಟ್ಟ ಮೀನುಗಳು. ಅವು ಮರಿ ಮಾಡಿ ತುಂಬಿ ಹೋಗಿದ್ದವು. ಸತ್ತ ಮೀನುಗಳ ನಡುವೆ ನೀರಿನ ಮೇಲೆ ತೆಳ್ಳಗೆ ಬಣ್ಣದ ಪೊರೆ. ಬಿಸಿಲು ಬಿದ್ದಲ್ಲಿ ನವಿಲುಗರಿಯ ಹಾಗೆ ಹೊಳೆಯುತ್ತಿತ್ತು. ಪಂಪಿನ ಎಣ್ಣೆ ಬಿದ್ದಿರಬೇಕು ಎಂದು ಮೈಮುನಕ್ಕ ಅಂದರು. ಆ ಬೆಳಿಗ್ಗೆ ಅವರು ಅದೇ ನೀರಿನಲ್ಲಿ ಚಹಾ ಮಾಡಿದ್ದರು, ನಸೀಮಾ ಕುಡಿದು ಕಾರಿಕೊಂಡಿದ್ದಳು. ಬಸುರಿಯಲ್ಲವಾ, ಕಾರುವುದು ಇರುವುದೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಹೊರಗೋಡೆಯ ನಲ್ಲಿಯಲ್ಲಿ ಆಗಲೂ ಯಾರೋ ಕೊಡ ತುಂಬಿಸುವ ಸದ್ದು ಕೇಳುತ್ತಿತ್ತು.

ನಾನು ಒಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಿಸಿ ಕೆಲಸಕ್ಕೆ ಕೊಂಡುಹೋದೆ. ನಮ್ಮ ಲ್ಯಾಬಿನ ಮುಖ್ಯಸ್ಥೆ ಲೀನಾ ಮೇಡಂ ಮುಚ್ಚಳ ತೆಗೆದವರು ಥಟ್ಟನೆ ಮುಖ ಹಿಂದಕ್ಕೆ ಎಳೆದುಕೊಂಡರು. ಇದನ್ನು ಎಲ್ಲಿಂದ ತಂದದ್ದು, ಹಳೆಯ ರೈಲ್ವೆ ಯಾರ್ಡಿನಿಂದಲಾ ಎಂದು ಕೇಳಿದರು. ನಮ್ಮ ಮನೆಯ ಬಾವಿಯದ್ದು ಎಂದೆ. ಅವರು ಮುಚ್ಚಳ ಬಿಗಿಯಾಗಿ ಹಾಕಿದರು. ನಮ್ಮಲ್ಲಿ ಅದನ್ನು ಪರೀಕ್ಷಿಸುವ ಸಲಕರಣೆ ಇಲ್ಲವೆಂದು ತಾವೇ ಗುರುತಿನವರಲ್ಲಿಗೆ ಕಳಿಸಿಕೊಟ್ಟರು. ಫಲಿತಾಂಶ ಬರುವವರೆಗೆ ಅದರಲ್ಲಿ ಪಾತ್ರೆ ಸಹ ತೊಳೆಯಬೇಡ ಎಂದರು. ಮನೆಗೆ ಬಂದು ಅದನ್ನೇ ಮೈಮುನಕ್ಕನಿಗೂ ನಸೀಮಾಳಿಗೂ ಹೇಳಿದೆ. ಹಮೀದಾಕ ಒಳಕೋಣೆಯಲ್ಲಿ ಕೇಳಿಸಿಕೊಂಡಿರಬೇಕು. ಮರುದಿನ ಬೆಳಿಗ್ಗೆ ನೋಡಿದರೆ ಹೊರಗಿನ ನಲ್ಲಿಗೆ ಗೋಣಿಚೀಲ ಸುತ್ತಿ ಕಟ್ಟಿದ್ದರು. ಪಂಪು ಹಾಳಾಗಿದೆ ಎಂದು ಬಂದವರಿಗೆ ಹೇಳುತ್ತಿದ್ದರು.

ಆ ಭಾನುವಾರ ಮಳೆ ಸ್ವಲ್ಪ ಬಿಟ್ಟಿತ್ತು. ನಾನು ಕೆಳಗೆ ಇಳಿದಾಗ ಅವರು ಬಾವಿಕಟ್ಟೆಯಲ್ಲಿ ಒಬ್ಬರೇ ಕೂತಿದ್ದರು. ಪಂಪು ಸರಿಯಾಗಿಯೇ ಇದೆಯಲ್ಲ ಎಂದು ನಾನು ಕೇಳಲಿಲ್ಲ. ಈ ಜಾಗದಲ್ಲಿ ಮೊದಲು ಏನಿತ್ತು ಎಂದು ಕೇಳಿದೆ.

ಅವರು ಗುಂಡಿಯ ಕಡೆಗೆ ಕೈ ತೋರಿಸಿದರು.

"ಕಂಬದ ಯಾರ್ಡ್ ಇತ್ತು ಸುಧಮ್ಮ," ಎಂದರು. "ನನ್ನ ತಂದೆಯದ್ದು."

ಆಮೇಲೆ ಒಂದೊಂದಾಗಿ ಹೇಳಿದರು. ಆಗ ಕರೆಂಟಿಗೂ ಟೆಲಿಫೋನಿಗೂ ಮರದ ಕಂಬಗಳು, ರೈಲಿಗೆ ಮರದ ಸ್ಲೀಪರುಗಳು. ಗೆದ್ದಲು ಹಿಡಿಯದ ಹಾಗೆ ಅವುಗಳನ್ನು ಕರಿ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ ಇಡಬೇಕಿತ್ತು. ಎತ್ತಿದ ಮೇಲೆ ನೆಲದಲ್ಲೇ ಉದ್ದಕ್ಕೂ ಮಲಗಿಸಿ ಸೋರಲು ಬಿಡುತ್ತಿದ್ದರು. ಸೋರಿದ್ದನ್ನೆಲ್ಲ ನೆಲ ಕುಡಿಯುತ್ತಿತ್ತು. ಸಿಮೆಂಟಿನ ಕಂಬ ಬಂದ ಮೇಲೆ ಯಾರ್ಡ್ ನಿಂತಿತು. ತಂದೆ ತೊಟ್ಟಿಗೆ ಕೆಂಪು ಮಣ್ಣು ತುಂಬಿಸಿ, ಜಾಗವನ್ನು ತುಂಡು ಮಾಡಿ ಮಾರಿದರು. ತೊಟ್ಟಿಯ ತಳದಲ್ಲಿ ಉಳಿದ ಎಣ್ಣೆಯನ್ನು ತೆಗೆಯಬೇಕೆಂದು ಆ ಕಾಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಮಣ್ಣಿನ ಅಡಿಗೆ ಹೋದದ್ದು ಹೋಯಿತು ಎಂದೇ ಎಲ್ಲರೂ ತಿಳಿದಿದ್ದರು.

"ತಂದೆ ಮನೆಗೆ ಬಂದರೆ ಅವರ ಅಂಗಿಯಲ್ಲಿ ಇದೇ ವಾಸನೆ," ಎಂದರು. "ನಾವು ಮಕ್ಕಳೆಲ್ಲ ಓಡಿ ಹೋಗಿ ಅಂಗಿಗೆ ಮುಖ ಹಾಕುವುದು. ಅವರು ತೀರಿಹೋದ ಮೇಲೆ ನಾನು ಈ ವಾಸನೆ ತಗೊಂಡದ್ದೇ ಇಲ್ಲ. ಮೊನ್ನೆ ಆ ಗುಂಡಿ ತೆಗೆದಾಗ ತಂದೆ ಬಂದು ಹತ್ತಿರ ನಿಂತ ಹಾಗಾಯ್ತು. ಒಂದು ಗಳಿಗೆ ನನಗೆ ಸಂತೋಷವೇ ಆಯ್ತು, ಗೊತ್ತುಂಟಾ? ಆಮೇಲೆ ಬಾವಿಯ ನೆನಪಾಯ್ತು."

ಬಾವಿಗೆ ಅದು ಈಗಷ್ಟೇ ಬಂದದ್ದಿರಬಹುದು, ಗುಂಡಿ ಅಗೆದ ಮೇಲೆ ಎಂದು ನಾನು ಹೇಳಿದೆ. ಅವರನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ಅವರು ನನ್ನ ಮುಖ ನೋಡಿದರು.

"ವಾಸನೆ ಈಗ ಬಂದದ್ದು. ಮೊದಲು ವಾಸನೆ ಇಲ್ಲದೆ ವಿಷ ಇತ್ತೋ ಏನೋ, ಹೇಳುವವರು ಯಾರು?"

ಆಮೇಲೆ ಬಂದ ಫಲಿತಾಂಶದಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಈಗಿನ ನೀರು ಯಾವುದಕ್ಕೂ ಆಗದು ಎಂದಷ್ಟೇ ಅದು ಹೇಳಿತು. ಕಳೆದ ವರ್ಷದ, ಅದರ ಹಿಂದಿನ ವರ್ಷಗಳ ನೀರನ್ನು ಯಾರೂ ತೆಗೆದಿಟ್ಟಿರಲಿಲ್ಲ. ಅದು ಕುಡಿದವರ ಮೈಯಲ್ಲಿತ್ತು. ನನ್ನ ಅಪ್ಪನ ಮೈಯಲ್ಲೂ ಒಂದು ಕ್ಯಾನಿನಷ್ಟು ಇತ್ತು.

ವಿಷಯ ಹೇಗೋ ಹೊರಬಿದ್ದು ಎದುರುಮನೆಯ ಶೇಖರ ಮಾಸ್ಟ್ರು ಬಂದರು. ನಿವೃತ್ತ ಹೆಡ್‌ಮಾಸ್ಟರು, ಓಣಿಯಲ್ಲಿ ಎಲ್ಲರೂ ಕೇಳುವ ಮಾತು ಅವರದು. ಕೆಟ್ಟ ಮನುಷ್ಯರಲ್ಲ. ಅವರಿಗೂ ಬಾವಿಯಿತ್ತು, ಮದುವೆಗಿದ್ದ ಮಗಳಿದ್ದಳು. ಮೆತ್ತಗೆ, ಹಮೀದಾಕನ ಒಳ್ಳೆಯದಕ್ಕೇ ಎಂಬ ಹಾಗೆ ಹೇಳಿದರು. ನಲ್ಲಿ ಮುಚ್ಚಿದ್ದೀರಿ, ಅಷ್ಟು ಸಾಕು. ಊರಿಡೀ ಹೇಳಿದರೆ ಈ ಓಣಿಗೆ ಹೆಸರು ಅಂಟುತ್ತದೆ, ನಾಳೆ ಯಾರೂ ಇಲ್ಲಿ ಜಾಗ ಕೇಳುವುದಿಲ್ಲ, ಸಂಬಂಧ ಕೇಳುವುದಿಲ್ಲ. ನಾಲ್ಕು ಮಳೆ ಬಂದರೆ ತೊಳೆದು ಹೋಗುತ್ತದೆ. ಅಪಾರ್ಟ್‌ಮೆಂಟಿನವರ ಕಡೆಯಿಂದಲೂ ಒಬ್ಬ ಬಂದು, ಮಳೆಗಾಲ ಮುಗಿಯುವವರೆಗೆ ನಿಮ್ಮ ಮನೆಗೆ ಟ್ಯಾಂಕರ್ ನೀರು ನಾವು ಹಾಕಿಸುತ್ತೇವೆ, ದೊಡ್ಡದು ಮಾಡಬೇಡಿ ಎಂದ. ಹಮೀದಾಕ ಇಬ್ಬರಿಗೂ ಚಹಾ ಕೊಡಿಸಿದರು. ಆ ಚಹಾಕ್ಕೆ ನೀರು ನನ್ನ ಮಹಡಿಯಿಂದ ಹೋಗಿತ್ತು, ಅಂಗಡಿಯಿಂದ ತಂದ ಕ್ಯಾನಿನದು. ಇಬ್ಬರೂ ಲೋಟ ಮುಟ್ಟಲಿಲ್ಲ.

ಅವರು ಹೋದ ಮೇಲೆ ಹಮೀದಾಕ ಪೆಟ್ಟಿಗೆಯಿಂದ ದೊಡ್ಡ ಸ್ಪ್ಯಾನರ್ ತೆಗೆದು, ಹೊರಗೋಡೆಯ ನಲ್ಲಿಯನ್ನು ಬಿಚ್ಚಿ ತೂತಿಗೆ ಸಿಮೆಂಟು ಮೆತ್ತಿದರು. ಕೈ ತೊಳೆದು, ಶುಕ್ರವಾರ ಜುಮಾಕ್ಕೆ ಹೋಗುವಾಗ ಹಾಕುವ ಬಿಳಿ ಅಂಗಿ ಹಾಕಿ, ಕೊಡೆ ಹಿಡಿದು ಹೊರಟರು. ಮೈಮುನಕ್ಕ ನನ್ನ ಮುಖ ನೋಡಿದರು. ನಾನು ಅವರ ಹಿಂದೆ ಹೋದೆ.

ಓಣಿಯ ಮೇಲಿನಿಂದ ಕೆಳಗಿನವರೆಗೆ ಒಂದು ಮನೆಯನ್ನೂ ಅವರು ಬಿಡಲಿಲ್ಲ. ಗೇಟಿನ ಹೊರಗೇ ನಿಂತು ಮನೆಯವರು ಬರುವವರೆಗೆ ಕಾಯುತ್ತಿದ್ದರು. ಎಲ್ಲ ಕಡೆಯೂ ಒಂದೇ ಮಾತು. ಮೇಲೆ ನನ್ನ ತಂದೆಯ ಯಾರ್ಡ್ ಇತ್ತು, ಅದರ ವಿಷ ನೆಲದಲ್ಲಿ ಉಂಟು, ನನ್ನ ಬಾವಿಗೆ ಬಂದಿದೆ, ನೀವು ಕೊಂಡುಹೋದ ನೀರು ಚೆಲ್ಲಿ, ನಿಮ್ಮ ಬಾವಿಯದ್ದನ್ನೂ ನೋಡಿಸಿ. ತಂದೆಯ ಹೆಸರನ್ನು ಅವರು ಪ್ರತಿ ಗೇಟಿನಲ್ಲೂ ಹೇಳಿದರು. ಯಾವ ಹೆಸರಿಗೆ ಪುಣ್ಯ ಮುಟ್ಟಲಿ ಎಂದು ನೀರು ಕೊಟ್ಟಿದ್ದರೋ ಅದೇ ಹೆಸರು. ಕೆಲವರು ಕೈ ಹಿಡಿದು, ನಿಮ್ಮದೇನು ತಪ್ಪು ಎಂದರು. ಒಬ್ಬರು ನಕ್ಕು ಬಿಟ್ಟರು. ಇಸ್ತ್ರಿ ಅಂಗಡಿಯ ಹಿಂದಿನ ಮನೆಯ ಹೆಂಗಸು ಮಾತ್ರ ಪೂರಾ ಕೇಳಿದಳು. ಅವಳ ಮಗಳಿಗೆ ಎರಡು ವರ್ಷದಿಂದ ಮೈಯೆಲ್ಲ ತುರಿಕೆ. ಮದ್ದು ಮಾಡಿ ಸೋತಿದ್ದರು. ಅವಳು ಹಮೀದಾಕನನ್ನು ನೋಡಿದಳು, ಒಳಗೆ ಬಾಗಿಲ ಬಳಿ ಇದ್ದ ಕೊಡವನ್ನು ನೋಡಿದಳು. ಬಾಗಿಲು ಹಾಕಿದಳು. ಆ ಬಾಗಿಲ ಮುಂದೆ ಅವರು ಮಳೆಯಲ್ಲಿ ಎಷ್ಟು ಹೊತ್ತು ನಿಂತರೆಂದರೆ ನಾನೇ ತೋಳು ಹಿಡಿದು ತಿರುಗಿಸಬೇಕಾಯಿತು.

ಆ ವಾರವೇ ನಸೀಮಾಳನ್ನು ಉಳ್ಳಾಲದ ಗಂಡನ ಮನೆಗೆ ಕಳಿಸಿದರು. ತವರಿನ ಬಾಣಂತನ ತಪ್ಪಿಸಿದರೆಂದು ಅಲ್ಲಿ ಮಾತಾಯಿತಂತೆ. ಮಗು ದಿನ ತುಂಬುವ ಮೊದಲೇ ಹುಟ್ಟಿತು, ಹೆಣ್ಣು, ತೂಕ ಕಡಿಮೆ. ಇದು ಆ ನೀರಿನಿಂದಲಾ ಎಂದು ಮೈಮುನಕ್ಕ ಡಾಕ್ಟರರನ್ನು ಕೇಳಿದರು. ಹೇಳಲಿಕ್ಕಾಗುವುದಿಲ್ಲ, ಬೇರೆ ನೂರು ಕಾರಣ ಇರಬಹುದು ಎಂದರಂತೆ. ಹೌದು ಎಂದಿದ್ದರೆ ಅಳಬಹುದಿತ್ತು, ಅಲ್ಲ ಎಂದಿದ್ದರೆ ಮರೆಯಬಹುದಿತ್ತು. ಹಮೀದಾಕ ಮೊಮ್ಮಗಳನ್ನು ನೋಡಲು ಹೋದವರು ತೊಟ್ಟಿಲ ಹತ್ತಿರ ಕೂತು ಬಂದರು, ಎತ್ತಿಕೊಳ್ಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪಕ್ಕದ ಗುಂಡಿಗೆ ಕಾಂಕ್ರೀಟು ಬಿತ್ತು, ಪಂಪು ನಿಂತಿತು. ನಮ್ಮ ಬಾವಿಯ ನೀರು ನಿಧಾನವಾಗಿ ತಿಳಿಯಾಯಿತು, ವಾಸನೆಯೂ ಹೋಯಿತು. ನೋಡಿ, ನಾನು ಹೇಳಲಿಲ್ಲವಾ ಎಂದರು ಶೇಖರ ಮಾಸ್ಟ್ರು. ನಾನು ಖುಷಿಯಿಂದ ಲೀನಾ ಮೇಡಂಗೆ ಹೇಳಿದೆ. ಅವರು ಕೆಲಸದಿಂದ ತಲೆಯೆತ್ತದೆ, "ಎಲ್ಲಿಗೆ ಹೋಯ್ತು ಅಂತ ಕೇಳಿದ್ಯಾ?" ಎಂದರು.

ಕೆಂಪು ಕಲ್ಲು ಹೊರಗಿನಿಂದ ಗಟ್ಟಿ, ಒಳಗೆಲ್ಲ ತೂತು. ಮೇಲೆ ಬಿದ್ದ ಮಳೆ ಅದರೊಳಗೆ ದಾರಿ ಮಾಡಿಕೊಂಡು, ತನ್ನ ಪಾಡಿಗೆ ತಾನು ಕೆಳಗೆ ಇಳಿಯುತ್ತದೆ. ನಮ್ಮ ಬಾವಿಯಿಂದ ಹೋದದ್ದು ಇಳಿಜಾರಿನಲ್ಲಿ ಇನ್ನೊಂದು ಬಾವಿಯ ಕಡೆಗೆ ಹೊರಟಿತ್ತು ಅಷ್ಟೆ. ಮುಂದಿನ ಬೇಸಿಗೆಗೆ ಮೊದಲೇ ರಾಘವನಿಗೆ ವರ್ಗವಾಗಿ ನಾವು ಊರು ಬಿಟ್ಟೆವು. ಬಿಟ್ಟು ಹೋಗಲು ನಮಗೆ ಒಂದು ಕಾರಣ ಸಿಕ್ಕಿತ್ತು. ಆ ಓಣಿಯವರಿಗೆ ಸಿಕ್ಕಿರಲಿಲ್ಲ.

ಸ್ಟೇಶನ್ನಿನಿಂದ ನಾನು ಹೋಗಬೇಕಾಗಿದ್ದದ್ದು ಬೇರೆ ಕಡೆಗೆ. ಆಟೋದವರಿಗೆ ಕೊಟ್ಟಾರ ಎಂದೆ.

ಅಪಾರ್ಟ್‌ಮೆಂಟು ಎದ್ದು ನಿಂತಿದೆ, ಬಾಲ್ಕನಿಗಳಲ್ಲಿ ಗಿಡಗಳಿವೆ, ಗೇಟಿನಲ್ಲಿ ಟ್ಯಾಂಕರು ನಿಂತಿತ್ತು. ಹಮೀದಾಕನ ಮನೆಯ ಬಾವಿಗೆ ಸ್ಲ್ಯಾಬು ಹಾಕಿದ್ದಾರೆ. ಮೈಮುನಕ್ಕ ಮಂಡಿ ಹಿಡಿದುಕೊಂಡು ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ನಸೀಮಾಳ ಮಗಳು ಈಗ ಶಾಲೆಗೆ ಹೋಗುತ್ತಾಳೆ, ಚುರುಕು, ಆದರೆ ಆಗಾಗ ಹುಷಾರಿರುವುದಿಲ್ಲ. ಪ್ರತಿ ಸಲವೂ ಇವರಿಗೆ ಅದೇ ಸಂಶಯ. ಹಮೀದಾಕ ಎಲ್ಲಿ ಎಂದೆ. "ಮಳೆ ಬಂತಲ್ಲ," ಎಂದರು ಮೈಮುನಕ್ಕ. "ಕೆಳಗೆ ಹೋಗಿದ್ದಾರೆ. ಪ್ರತಿ ವರ್ಷ ಹೀಗೇ. ನಾನು ಹೇಳಿದ್ರೆ ಕೇಳುವುದಿಲ್ಲ."

ಕೊಡೆ ಹಿಡಿದು ಓಣಿಯಲ್ಲಿ ಇಳಿದೆ. ನಾವು ಊರು ಬಿಟ್ಟ ಮೊದಲ ವರ್ಷ ಶೇಖರ ಮಾಸ್ಟ್ರ ಬಾವಿಗೆ, ಅದರ ಮರುವರ್ಷ ಅದರ ಕೆಳಗಿನ ಎರಡು ಮನೆಗಳಿಗೆ ವಾಸನೆ ಬಂದ ವಿಷಯ ಮೈಮುನಕ್ಕನಿಂದ ಆಗಷ್ಟೇ ಕೇಳಿದ್ದೆ. ಮಾಸ್ಟ್ರು ಮನೆ ಮಾರಿ ಹೋಗಿದ್ದರು. ಕೊಂಡವರಿಗೆ ಏನು ಹೇಳಿ ಮಾರಿದರೋ. ಇಸ್ತ್ರಿ ಅಂಗಡಿ ದಾಟಿ, ತೋಡಿನ ಹತ್ತಿರ ಹಿಂದೆ ಗದ್ದೆಯಿದ್ದ ಜಾಗದಲ್ಲಿ ಹೊಸ ಮನೆಗಳು ಎದ್ದಿದ್ದವು. ಅಲ್ಲಿ ಒಂದು ಗೇಟಿನ ಹೊರಗೆ ಹಮೀದಾಕ ನಿಂತಿದ್ದರು. ಬೆನ್ನು ಬಾಗಿತ್ತು. ಒಳಗೆ ಮನೆಯೆದುರಿನ ಸಿಟೌಟಿನಲ್ಲಿ ಎಳೆಯ ಪ್ರಾಯದ ಹೆಂಗಸೊಬ್ಬಳು, ಸೊಂಟದಲ್ಲಿ ಮಗು.

ನಮ್ಮ ನೀರಿಗೆ ಎಂತ ತೊಂದರೆಯೂ ಇಲ್ಲ, ನಾವು ದಿನಾ ಕುಡಿಯುವುದು ಅದನ್ನೇ ಎಂದು ಅವಳು ಹೇಳುತ್ತಿದ್ದಳು. ಮುದುಕನ ಮೇಲೆ ಸಿಟ್ಟಿರಲಿಲ್ಲ, ಸ್ವಲ್ಪ ಬೇಸರವಿತ್ತು. ಆದರೂ ಅವರು ಕೇಳಿದ್ದಕ್ಕೆ ಒಂದು ಲೋಟ ನೀರು ತಂದು ಗೇಟಿನ ಮೇಲಿನಿಂದ ಕೊಟ್ಟಳು. ಹಮೀದಾಕ ಲೋಟವನ್ನು ಮೂಗಿನ ಹತ್ತಿರ ಹಿಡಿದು ನಿಂತರು. ಆಗ ನನ್ನನ್ನು ಕಂಡರು. ಯಾವಾಗ ಬಂದದ್ದು, ಹೇಗಿದ್ದೀರಿ ಎಂದೇನೂ ಕೇಳಲಿಲ್ಲ. ಲೋಟವನ್ನು ನನ್ನ ಕಡೆಗೆ ಚಾಚಿದರು.

"ನೀವು ನೋಡಿ ಸುಧಮ್ಮ. ಎರಡು ವರ್ಷದಿಂದ ನನಗೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ."

ನೀರು ತಿಳಿಯಾಗಿತ್ತು, ತಣ್ಣಗಿತ್ತು. ನಾನು ಮುಖ ಬಗ್ಗಿಸಿದೆ. ಮೊದಲು ಮಳೆಯ ವಾಸನೆ ಮಾತ್ರ ಬಂತು. ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದುಕೊಂಡೆ. ತೀರ ತೆಳ್ಳಗೆ, ಗಂಟಲಿನ ಹಿಂಭಾಗದಲ್ಲಿ, ಅದು ಬಂದು ಕೂತಿತು. ಕಣ್ಣು ತೆರೆದಾಗ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಮಗುವೂ ನೋಡುತ್ತಿತ್ತು.

"ಉಂಟು," ಎಂದೆ.

ಹಮೀದಾಕ ತಲೆಯಾಡಿಸಿದರು. ಕೊಡೆ ಮಡಚಿ, ಮಳೆಯಲ್ಲಿಯೇ ನೆಟ್ಟಗೆ ನಿಂತು, ಆ ಹೆಂಗಸಿಗೆ ಮೊದಲಿನಿಂದ ಹೇಳತೊಡಗಿದರು. "ಮೇಲೆ ನನ್ನ ತಂದೆಯ ಯಾರ್ಡ್ ಇತ್ತಮ್ಮ."